ಸಿಪ್ಪೆಯ ಮೇಲೆ ಮೊದಲು ಜಾಗ ಹಿಡಿದವರು ಯಾರು?

ಕೊಯ್ದ ಹಣ್ಣಿನ ಬೂಷ್ಟನ್ನು ಔಷಧಿಯಿಂದಷ್ಟೇ ಅಲ್ಲ, ಬೇರೆ ಸೂಕ್ಷ್ಮಜೀವಿಗಳಿಂದಲೂ ತಡೆಯಬಹುದು ಅಂತ ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಓದಿ ತುಂಬಾ ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಬುಟ್ಟಿಯಲ್ಲಿ ಒಂದು ಕಿತ್ತಳೆಗೆ ಬೂಷ್ಟು ಬಂದರೆ ಬೇರೆಯವಕ್ಕೂ ಬರುತ್ತದೆ ಅಂತಾರೆ. ಆದರೆ ಅದಕ್ಕೆ ತಾಗಿಕೊಂಡೇ ಇದ್ದ ಹಣ್ಣು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಯಾಕೆ ಹೀಗೆ?

ಉತ್ತರ: ಗಾಯ ಇಲ್ಲದಿದ್ದರೆ ಬಾಗಿಲು ಇಲ್ಲ, ಅದಕ್ಕೆ. ಕಿತ್ತಳೆಗೆ ಬರುವ ಹಸಿರು ಬೂಷ್ಟಿನ ಹೆಸರು ಪೆನಿಸಿಲಿಯಂ ಡಿಜಿಟೇಟಮ್. ಗಟ್ಟಿ ಸಿಪ್ಪೆಯನ್ನು ತಾನೇ ಕೊರೆದು ಒಳಗೆ ಹೋಗುವ ಶಕ್ತಿ ಅದಕ್ಕಿಲ್ಲ. ಕೊಯ್ಯುವಾಗ ತಾಗಿದ ಉಗುರು, ಪಕ್ಕದ ಹಣ್ಣಿನ ಒಣ ತೊಟ್ಟು ಚುಚ್ಚಿದ ಗುರುತು, ಕ್ರೇಟಿನ ಅಂಚು ತರಚಿದ ಗೆರೆ, ಇಷ್ಟು ಸಿಕ್ಕರೆ ಸಾಕು.

ನಾನು ಓದುತ್ತಿದ್ದಾಗ ಮಾಡಿದ ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಎರಡು ಕಿತ್ತಳೆ ತಗೊಂಡೆ. ಒಂದಕ್ಕೆ ಸೂಜಿಯಿಂದ ಒಂದೇ ಒಂದು ಚುಚ್ಚು ಹಾಕಿದೆ. ಬೂಷ್ಟಿನ ಪುಡಿ ಕಲಸಿದ ನೀರಿನ ಹನಿಯನ್ನು ಎರಡರ ಮೇಲೂ ಬಿಟ್ಟೆ. ಮೂರನೇ ದಿನ ಚುಚ್ಚಿದ ಜಾಗದ ಸುತ್ತ ನಾಣ್ಯದಗಲ ಸಿಪ್ಪೆ ಮೆತ್ತಗಾಗಿತ್ತು, ನೀರು ಕುಡಿದ ಕಾಗದದ ಹಾಗೆ, ಒತ್ತಿದರೆ ಬೆರಳು ಒಳಗೆ ಹೋಗುವಂತೆ. ಮಾರನೇ ದಿನ ಅದರ ನಡುವೆ ಬಿಳಿ ಹತ್ತಿ ಕಾಣಿಸಿತು, ಆಮೇಲೆ ಆ ಬಿಳಿಯ ಒಳಗಿಂದ ಹಸಿರು ಪುಡಿ. ವಾರ ತುಂಬುವಷ್ಟರಲ್ಲಿ ಹಣ್ಣು ಪೂರ್ತಿ ಹಸಿರಾಗಿ, ಊದಿದರೆ ಹೊಗೆಯ ಹಾಗೆ ಏಳುತ್ತಿತ್ತು. ಚುಚ್ಚದ ಹಣ್ಣು ಇಟ್ಟ ಹಾಗೇ ಇತ್ತು. ಆವತ್ತಿನಿಂದ ಹಣ್ಣು ಹಿಡಿಯುವ ನನ್ನ ಕೈಯೇ ಬದಲಾಯಿತು.

ಆ ಹೊಗೆಯಂಥ ಪುಡಿಯೇ ಬೀಜಾಣು. ಪೂರ್ತಿ ಬೂಷ್ಟು ಹಿಡಿದ ಒಂದು ಹಣ್ಣಿನಿಂದ ನೂರು ಕೋಟಿಗೂ ಹೆಚ್ಚು ಬೀಜಾಣು ಹೊರಬೀಳಬಹುದು. ಹಾಗಾಗಿ ಅವು ಎಲ್ಲಾ ಕಡೆ ಇರುತ್ತವೆ, ಅವುಗಳಿಗೆ ಸಿಗಬೇಕಾದದ್ದು ಗಾಯ ಮಾತ್ರ. ಆದರೆ ಎಲ್ಲಾ ಬೂಷ್ಟೂ ಹೀಗಲ್ಲ. ಕಿತ್ತಳೆಯ ನೀಲಿ ಬೂಷ್ಟು, ದ್ರಾಕ್ಷಿ ಮತ್ತು ಸ್ಟ್ರಾಬೆರಿಯ ಬೂದು ಬೂಷ್ಟು ಒಂದು ಹಣ್ಣಿನಿಂದ ಅದಕ್ಕೆ ತಾಗಿದ ಹಣ್ಣಿಗೆ ನೇರವಾಗಿಯೇ ದಾಟಬಲ್ಲವು. ಕೊಳೆಯುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಅಕ್ಕಪಕ್ಕದ ಹಣ್ಣನ್ನು ಬೇಗ ಮಾಗಿಸುತ್ತದೆ, ಮಾಗಿದ ಹಣ್ಣು ಬೇಗ ಸೋಲುತ್ತದೆ. ಕೊಳೆತದ್ದನ್ನು ಕಂಡ ತಕ್ಷಣ ತೆಗೆಯಬೇಕು ಅನ್ನುವುದಂತೂ ನಿಜ.

ಪ್ರಶ್ನೆ: ತೊಳೆದು ಇಟ್ಟ ಹಣ್ಣು ತೊಳೆಯದ ಹಣ್ಣಿಗಿಂತ ಬೇಗ ಕೆಡುತ್ತದೆ. ಕೊಳೆ ಹೋದ ಮೇಲೆ ಬಾಳಿಕೆ ಜಾಸ್ತಿ ಆಗಬೇಕಲ್ವಾ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ನೀವು ನೋಡಿದ್ದು ಸರಿ. ಒಂದು ಕಾರಣ ಸುಲಭ. ಸರಿಯಾಗಿ ಒಣಗದ ಹಣ್ಣಿನ ಮೇಲೆ ಉಳಿದ ತೇವವೇ ಬೀಜಾಣು ಮೊಳೆಯಲು ಸಾಕು. ಆದರೆ ಇನ್ನೊಂದು ಕಾರಣ ಇದೆ, ನನಗೆ ಇಷ್ಟವಾದದ್ದು ಅದು.

ಎಡೊ ಚಲುಟ್ಜ್ ಮತ್ತು ಚಾರ್ಲ್ಸ್ ವಿಲ್ಸನ್ ಎಂಬ ವಿಜ್ಞಾನಿಗಳು ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆ ತೊಳೆದ ನೀರನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಹರಡಿ ನೋಡಿದರು. 1990ರಲ್ಲಿ ಅದನ್ನು ಪ್ರಕಟಿಸಿದರು. ಮಂದವಾದ ತೊಳೆದ ನೀರನ್ನು ಹಾಗೇ ಹಾಕಿದಾಗ ಬೆಳೆದದ್ದು ಬರೀ ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಅದೇ ನೀರನ್ನು ತೆಳುಮಾಡಿ ಹಾಕಿದಾಗ ಕೊಳೆ ತರುವ ಬೂಷ್ಟುಗಳು ಎದ್ದು ಬಂದವು! ಅಂದರೆ ಬೂಷ್ಟಿನ ಬೀಜಾಣು ಮೊದಲಿನಿಂದಲೂ ಅಲ್ಲೇ ಇತ್ತು. ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಗುಂಪಾಗಿ ಇರುವವರೆಗೆ ಅದಕ್ಕೆ ತಲೆ ಎತ್ತಲು ಬಿಟ್ಟಿರಲಿಲ್ಲ. ತೊಳೆದಾಗ ನಾವು ಕೊಳೆಯ ಜೊತೆ ಕಾವಲುಗಾರರನ್ನೂ ಕಳಿಸಿಬಿಡುತ್ತೇವೆ.

ಹಣ್ಣಿನ ಸಿಪ್ಪೆ ಖಾಲಿ ಗೋಡೆಯಲ್ಲ, ಜನ ವಾಸ ಇರುವ ಬೀದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜೈವಿಕ ಹತೋಟಿ ಅಂದರೆ ಆ ಬೀದಿಯ ಒಳ್ಳೆಯ ಜನರನ್ನು ಹುಡುಕಿ, ಬೆಳೆಸಿ, ದೊಡ್ಡ ಸಂಖ್ಯೆಯಲ್ಲಿ ವಾಪಸ್ ಕರೆತಂದು ಕೂರಿಸುವುದು. ಮನೆಯ ಮಟ್ಟಿಗೆ ಹೇಳುವುದಾದರೆ, ತಿನ್ನುವ ಮುಂಚೆ ತೊಳೆಯಿರಿ. ಇಡುವ ಮುಂಚೆ ಬೇಡ.

ಪ್ರಶ್ನೆ: ಯೀಸ್ಟ್ ಬೂಷ್ಟನ್ನು ತಡೆಯುತ್ತದೆ ಅಂದಿರಿ. ಹೇಗೆ? ವಿಷ ಬಿಟ್ಟು ಕೊಲ್ಲುತ್ತದೆಯೇ?

ಉತ್ತರ: ಹೆಚ್ಚಿನ ಸಲ ಕೊಲ್ಲುವುದೇ ಇಲ್ಲ, ಊಟ ಮುಗಿಸಿಬಿಡುತ್ತದೆ.

ಗಾಯವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಸಿಪ್ಪೆ ಹರಿದಿದೆ, ಒಳಗಿನ ರಸ ಒಂದು ಹನಿ ಹೊರಗೆ ಬಂದಿದೆ. ಅದರಲ್ಲಿ ಸಕ್ಕರೆ ಇದೆ, ಸಾರಜನಕದ ಅಂಶಗಳಿವೆ. ಬೂಷ್ಟಿನ ಬೀಜಾಣು ಅಲ್ಲಿ ಬಿದ್ದು, ಉಬ್ಬಿ, ಮೊಳಕೆಯ ಎಳೆ ಹೊರಡಿಸಬೇಕಾದರೆ ಆ ಊಟ ಬೇಕು, ಮತ್ತು ಒಂದಷ್ಟು ಗಂಟೆ ಸಮಯ ಬೇಕು. ಯೀಸ್ಟಿಗೆ ಮೊಳಕೆಯ ತಾಪತ್ರಯ ಇಲ್ಲ. ಬಿದ್ದ ಕ್ಷಣದಿಂದ ತಿನ್ನುತ್ತದೆ, ಒಂದು ಎರಡಾಗುತ್ತದೆ, ಒಂದೆರಡು ದಿನದೊಳಗೆ ಹತ್ತಾರು ಪಟ್ಟು ಹೆಚ್ಚಿ ಗಾಯದ ಗೋಡೆಯನ್ನೆಲ್ಲ ಮುಚ್ಚಿಬಿಡುತ್ತದೆ. ಬೂಷ್ಟು ಕಣ್ಣು ಬಿಡುವಷ್ಟರಲ್ಲಿ ಎಲೆ ಎತ್ತಿ ಆಗಿರುತ್ತದೆ. ಇದಕ್ಕಾಗಿಯೇ ಒಂದು ಮಿಲಿಲೀಟರ್ ನೀರಿಗೆ ಒಂದು ಕೋಟಿಯಿಂದ ಹತ್ತು ಕೋಟಿ ಯೀಸ್ಟ್ ಕಣಗಳಷ್ಟು ದಟ್ಟವಾಗಿ ಕಲಸಿ ಹಣ್ಣನ್ನು ಅದ್ದುತ್ತಾರೆ ಅಥವಾ ಸಿಂಪಡಿಸುತ್ತಾರೆ. ಇಲ್ಲಿ ಮೊದಲು ಬಂದವರಿಗೆ ಜಾಗ, ಜಾಸ್ತಿ ಬಂದವರಿಗೆ ಜಾಗ.

ಕಬ್ಬಿಣಕ್ಕೂ ಜಗಳ ನಡೆಯುತ್ತದೆ. ಮೆಟ್ಶ್ನಿಕೋವಿಯಾ ಪುಲ್ಚೆರಿಮಾ ಅನ್ನುವ ಒಂದು ಯೀಸ್ಟ್ ಇದೆ. ಅದು ಹೊರಬಿಡುವ ವಸ್ತು ಸುತ್ತಲಿನ ಕಬ್ಬಿಣವನ್ನು ಹಿಡಿದು ಕಟ್ಟಿಹಾಕಿ ಕೆಂಪು ಬಣ್ಣವಾಗುತ್ತದೆ. ಕಬ್ಬಿಣ ಇರುವ ಪ್ರಯೋಗಾಲಯದ ತಟ್ಟೆಯಲ್ಲಿ ಈ ಯೀಸ್ಟಿನ ಸುತ್ತ ಕಂದುಗೆಂಪು ಉಂಗುರ ಮೂಡುವುದನ್ನು ಕಣ್ಣಾರೆ ನೋಡಬಹುದು. ಕಬ್ಬಿಣ ಸಿಗದ ಬೂಷ್ಟು ಸರಿಯಾಗಿ ಬೆಳೆಯಲಾರದು.

ಕೆಲವು ಯೀಸ್ಟ್‌ಗಳು ಇನ್ನೂ ಹತ್ತಿರ ಹೋಗುತ್ತವೆ. ಪಿಚಿಯಾ ಗಿಲಿಯರ್‌ಮಾಂಡಿ ಎಂಬ ಯೀಸ್ಟ್ ಬೂದು ಬೂಷ್ಟಿನ ಎಳೆಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಅಂದರೆ ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ. ಅದನ್ನು ಕಿತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಯ ಮೇಲೆ ಅದು ಕೂತಿದ್ದ ಜಾಗದಲ್ಲಿ ತಗ್ಗು ಬಿದ್ದಿತ್ತು. ಬೂಷ್ಟಿನ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಇವು ಬಿಡುತ್ತವೆ. ಜೊತೆಗೆ ಯೀಸ್ಟ್ ಬಂದು ಕೂತದ್ದು ಹಣ್ಣಿಗೂ ಗೊತ್ತಾಗುತ್ತದೆ. ಕೊಯ್ದ ಹಣ್ಣು ಸತ್ತ ವಸ್ತುವಲ್ಲ, ಉಸಿರಾಡುತ್ತಲೇ ಇರುತ್ತದೆ. ಗಾಯದ ಸುತ್ತಲಿನ ಜೀವಕೋಶಗಳು ಎಚ್ಚೆತ್ತು ತಮ್ಮದೇ ರಕ್ಷಣೆಯ ವಸ್ತುಗಳನ್ನು ತಯಾರಿಸಲು ಶುರುಮಾಡುತ್ತವೆ.

ವಿಷ ಬಿಡುವವರೂ ಇದ್ದಾರೆ, ಅವರು ಹೆಚ್ಚಾಗಿ ಬ್ಯಾಕ್ಟೀರಿಯಾಗಳು. 1984ರಲ್ಲಿ ಅಮೆರಿಕದಲ್ಲಿ ಪ್ಯೂಸಿ ಮತ್ತು ವಿಲ್ಸನ್ ಪೀಚ್ ಹಣ್ಣಿನ ಕಂದು ಕೊಳೆಯನ್ನು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ ತಡೆದು ತೋರಿಸಿದರು. ಈ ಕ್ಷೇತ್ರಕ್ಕೆ ದೊಡ್ಡ ತಿರುವು ಕೊಟ್ಟ ಕೆಲಸ ಅದು. ಆದರೆ ಅದು ಗೆಲ್ಲುತ್ತಿದ್ದದ್ದು ಇಟುರಿನ್ ಎಂಬ ಪ್ರತಿಜೈವಿಕದ ಬಲದಿಂದ. ತಿನ್ನುವ ಹಣ್ಣಿನ ಮೇಲೆ ಅಂಥದ್ದು ಯಾಕೆ ಅನ್ನುವ ಯೋಚನೆ ಬಂತು. ಹಾಗಾಗಿ ವಿಷ ಬಿಡದೆ, ಬರೀ ಚುರುಕುತನದಿಂದ ಗೆಲ್ಲುವ ಯೀಸ್ಟ್‌ಗಳ ಕಡೆ ಗಮನ ಹೊರಳಿತು. ಅದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮದು ಮಾವಿನ ತೋಟ. ಕೊಯ್ಯುವಾಗ ಕಾಯಿ ಒಂದು ಚುಕ್ಕಿ ಇಲ್ಲದೆ ಚೆನ್ನಾಗಿರುತ್ತದೆ. ಹಣ್ಣಾಗುವಾಗ ಕಪ್ಪು ಚಿಬ್ಬು ಬಿದ್ದು ಹಾಳಾಗುತ್ತದೆ. ಕೊಯ್ದ ಮೇಲೆ ಯೀಸ್ಟ್ ನೀರಿನಲ್ಲಿ ಅದ್ದಿದರೆ ನಿಲ್ಲುತ್ತದೆಯೇ?

ಉತ್ತರ: ಅದ್ದುವುದೊಂದರಿಂದಲೇ ನಿಲ್ಲುವುದಿಲ್ಲ. ನಿಮ್ಮ ಹಣ ಮತ್ತು ಶ್ರಮ ಎರಡೂ ಉಳಿಯಲಿ ಅಂತ ನೇರವಾಗಿ ಹೇಳುತ್ತಿದ್ದೇನೆ.

ಚಿಬ್ಬು ರೋಗದ ಶಿಲೀಂಧ್ರ ಕೊಲೆಟೋಟ್ರೈಕಮ್. ಇದಕ್ಕೆ ಗಾಯ ಬೇಡ. ಕಾಯಿ ಇನ್ನೂ ಮರದಲ್ಲಿರುವಾಗಲೇ ಮಳೆಹನಿ, ಮಂಜಿನ ಜೊತೆ ಬಂದು ಕೂರುತ್ತದೆ, ಮೊಳೆಯುತ್ತದೆ, ಸಿಪ್ಪೆಗೆ ಮೊಳೆ ಹೊಡೆದ ಹಾಗೆ ಅಂಟಿಕೊಂಡು ಸುಮ್ನೆ ಕೂತುಬಿಡುತ್ತದೆ. ಎಳೆಕಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಯುವ ವಸ್ತುಗಳು ಇರುತ್ತವೆ. ಕಾಯಿ ಹಣ್ಣಾಗುತ್ತಾ ಅವು ಇಳಿಯುತ್ತವೆ, ಸಕ್ಕರೆ ಏರುತ್ತದೆ, ಮಲಗಿದ್ದದ್ದು ಏಳುತ್ತದೆ. ನೀವು ಕೊಯ್ದ ದಿನ ಕಣ್ಣಿಗೆ ಕಾಣದೆ ಇದ್ದದ್ದು ಇದೇ. ಒಳಗೆ ಸೇರಿಕೊಂಡವನನ್ನು ಬಾಗಿಲಲ್ಲಿ ನಿಂತ ಕಾವಲುಗಾರ ಏನು ಮಾಡಿಯಾನು?

ಹಾಗಾಗಿ ಇಂಥ ರೋಗಕ್ಕೆ ಕಾವಲು ಮರದಲ್ಲೇ ಶುರುವಾಗಬೇಕು. ದಕ್ಷಿಣ ಆಫ್ರಿಕಾದಲ್ಲಿ ಬೆಣ್ಣೆಹಣ್ಣಿನ ತೋಟಗಳಿಗೆ ಕೊಯ್ಲಿಗೆ ಮುಂಚೆಯೇ ಬ್ಯಾಸಿಲಸ್ ಸಬ್ಟಿಲಿಸ್ ಸಿಂಪಡಿಸುವ ಪದ್ಧತಿ ಬೆಳೆದದ್ದು ಈ ಕಾರಣಕ್ಕೆ. ಇನ್ನೊಂದು ದಾರಿ ಬಿಸಿನೀರು. ಮಾವನ್ನು ಸುಮಾರು 52ರಿಂದ 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಸಿಪ್ಪೆಯ ಮೇಲ್ಪದರದಲ್ಲಿ ಮಲಗಿರುವ ಶಿಲೀಂಧ್ರಕ್ಕೆ ಪೆಟ್ಟು ಬೀಳುತ್ತದೆ. ಆದರೆ ಬಿಸಿನೀರು ಕಾವಲುಗಾರರನ್ನೂ ಕೊಲ್ಲುತ್ತದೆ, ಅದ್ದಿ ತೆಗೆದ ಹಣ್ಣು ಖಾಲಿ ಬೀದಿ. ಆದ್ದರಿಂದ ಹಣ್ಣು ತಣ್ಣಗಾದ ಮೇಲೆ ಯೀಸ್ಟ್ ಕೊಡುವುದು. ಎರಡೂ ಸೇರಿದಾಗ ಒಂದೊಂದೇ ಮಾಡಿದ್ದಕ್ಕಿಂತ ಒಳ್ಳೆಯ ಫಲ ಸಿಗುತ್ತದೆ. ಶಾಖದ ಲೆಕ್ಕ ತಪ್ಪಿದರೆ ಸಿಪ್ಪೆ ಬೇಯುತ್ತದೆ, ತಳಿಯಿಂದ ತಳಿಗೆ ತಡೆಯುವ ಶಕ್ತಿ ಬೇರೆ ಇರುತ್ತದೆ. ಥರ್ಮಾಮೀಟರ್ ಇಲ್ಲದೆ, ಹತ್ತಿಪ್ಪತ್ತು ಕಾಯಿಯ ಮೇಲೆ ಮೊದಲು ನೋಡದೆ ಇಡೀ ಫಸಲನ್ನು ಅದ್ದಬೇಡಿ.

ತೋಟದಲ್ಲಿ ಒಣಗಿದ ರೆಂಬೆ, ಉದುರಿದ ಎಲೆ, ಕೊಳೆತ ಕಾಯಿ ತೆಗೆದುಹಾಕಿ. ಬೀಜಾಣು ಹುಟ್ಟುವುದು ಅಲ್ಲೇ.

ಪ್ರಶ್ನೆ: ಬ್ರೆಡ್ಡಿಗೆ ಹಾಕುವ ಯೀಸ್ಟನ್ನೇ ನೀರಿನಲ್ಲಿ ಕಲಸಿ ಹಣ್ಣಿಗೆ ಹಚ್ಚಬಹುದೇ?

ಉತ್ತರ: ಬೇಡ. ಯೀಸ್ಟ್ ಎಂದರೆ ಒಂದೇ ಜೀವಿಯಲ್ಲ, ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಹಣ್ಣಿನ ಕಾವಲಿಗೆ ಆರಿಸಿದವು ಸಿಪ್ಪೆಯ ಮೇಲೆ, ಒಣಹವೆಯಲ್ಲಿ, ಕೋಲ್ಡ್ ಸ್ಟೋರೇಜಿನ ಚಳಿಯಲ್ಲಿ ಬದುಕುವಂಥವು. ಬೂದು ಬೂಷ್ಟು ಸೊನ್ನೆ ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ, ಅದನ್ನು ತಡೆಯುವವನೂ ಅಷ್ಟೇ ಗಟ್ಟಿ ಇರಬೇಕಲ್ವಾ? ಬ್ರೆಡ್ಡಿನ ಯೀಸ್ಟ್ ಬೆಚ್ಚಗಿನ ಹಿಟ್ಟಿನಲ್ಲಿ ಕೆಲಸ ಮಾಡಲು ಪಳಗಿದ್ದು. ಅದನ್ನು ಸಕ್ಕರೆ ನೀರಿನಲ್ಲಿ ಕಲಸಿ ಹಚ್ಚಿದರೆ ನೀವು ಹಣ್ಣಿಗೆ ಕೊಟ್ಟದ್ದು ತೇವ ಮತ್ತು ಸಕ್ಕರೆ, ಅಂದರೆ ಬೂಷ್ಟಿಗೆ ಬೇಕಾದ ಎರಡೂ.

ಪ್ರಶ್ನೆ: ಜೀವಂತ ಯೀಸ್ಟ್, ಬ್ಯಾಕ್ಟೀರಿಯಾ ಹಚ್ಚಿದ ಹಣ್ಣು ಮಕ್ಕಳಿಗೆ ಕೊಡಲು ಭಯ ಆಗುತ್ತದೆ.

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಹಣ್ಣಿನ ಮೇಲಿಂದಲೇ ತೆಗೆದವು. ಉದಾಹರಣೆಗೆ ಮೆಟ್ಶ್ನಿಕೋವಿಯಾ ಫ್ರುಕ್ಟಿಕೋಲಾ ಎಂಬ ಯೀಸ್ಟ್ ಇಸ್ರೇಲಿನಲ್ಲಿ ದ್ರಾಕ್ಷಿಯ ಮೇಲೆ ಸಿಕ್ಕಿದ್ದು. ಯಾವ ಹಣ್ಣನ್ನು ತಿಂದರೂ ಇಂಥ ಯೀಸ್ಟ್‌ಗಳು ನಮ್ಮ ಹೊಟ್ಟೆಗೆ ಹೋಗಿಯೇ ಇರುತ್ತವೆ. ಆರಿಸುವಾಗ ಒಂದು ಮುಖ್ಯ ಪರೀಕ್ಷೆ ಇದೆ, 37 ಡಿಗ್ರಿಯಲ್ಲಿ, ಅಂದರೆ ನಮ್ಮ ದೇಹದ ಬಿಸಿಯಲ್ಲಿ, ಅದು ಬೆಳೆಯುತ್ತದೆಯೇ ಅಂತ ನೋಡುತ್ತಾರೆ. ಬೆಳೆಯುವಂಥದ್ದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮನುಷ್ಯರಲ್ಲಿ ಕಾಯಿಲೆ ತಂದ ಜಾತಿಗಳನ್ನು ದೂರ ಇಡುತ್ತಾರೆ. ಮಾರಾಟಕ್ಕೆ ಬರುವ ಮುಂಚೆ ಸರ್ಕಾರಿ ನೋಂದಣಿ ಆಗಬೇಕು.

ನನಗೆ ಹೆಚ್ಚು ಭಯ ಇರುವುದು ಬೂಷ್ಟಿನ ಬಗ್ಗೆಯೇ. ಸೇಬಿನ ನೀಲಿ ಬೂಷ್ಟು, ಪೆನಿಸಿಲಿಯಂ ಎಕ್ಸ್‌ಪಾನ್ಸಮ್, ಪ್ಯಾಟುಲಿನ್ ಎಂಬ ವಿಷ ತಯಾರಿಸುತ್ತದೆ. ಸೇಬಿನ ರಸದಲ್ಲಿ ಒಂದು ಕಿಲೋಗೆ 50 ಮೈಕ್ರೋಗ್ರಾಂಗಿಂತ ಹೆಚ್ಚು ಇರಬಾರದು ಅಂತ ಅಂತರರಾಷ್ಟ್ರೀಯ ಮಿತಿ ಇದೆ. ಕುದಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ, ಹುಳಿ ರಸದಲ್ಲಿ ಅದು ಶಾಖಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಕೊಳೆತ ಸೇಬನ್ನು ಜ್ಯೂಸಿಗೆ ಹಾಕಲೇಬೇಡಿ.

ಪ್ರಶ್ನೆ: ಇಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ಬಳಸುವುದಿಲ್ಲ? ಔಷಧಿ ಸಿಂಪಡಿಸುವುದು ನಿಂತಿಲ್ಲವಲ್ಲ.

ಉತ್ತರ: ಈ ಪ್ರಶ್ನೆ ನನ್ನನ್ನೂ ಬಹಳ ವರ್ಷ ಕಾಡಿದೆ. 1995ರಲ್ಲಿ ಅಮೆರಿಕದಲ್ಲಿ ಎರಡು ಉತ್ಪನ್ನಗಳಿಗೆ ನೋಂದಣಿ ಸಿಕ್ಕಿತು. ಒಂದು ಆಸ್ಪೈರ್, ಅದರಲ್ಲಿದ್ದದ್ದು ಕ್ಯಾಂಡಿಡಾ ಓಲಿಯೋಫಿಲಾ ಎಂಬ ಯೀಸ್ಟ್. ಇನ್ನೊಂದು ಬಯೋಸೇವ್, ಅದರಲ್ಲಿ ಸ್ಯೂಡೋಮೋನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ. ಆಸ್ಪೈರ್ ಕೆಲವು ವರ್ಷಗಳಲ್ಲೇ ಮಾರುಕಟ್ಟೆಯಿಂದ ಹೋಯಿತು. ಬಯೋಸೇವ್ ಹೆಚ್ಚು ಕಾಲ ಬಾಳಿತು, ಆಲೂಗಡ್ಡೆ, ಗೆಣಸಿನವರೆಗೂ ಅದರ ಬಳಕೆ ವಿಸ್ತರಿಸಿತು. ಆಮೇಲೆ ಯುರೋಪ್, ಇಸ್ರೇಲ್, ದಕ್ಷಿಣ ಆಫ್ರಿಕಾಗಳಲ್ಲೂ ಕೆಲವು ಬಂದವು, ಕೆಲವು ಹೋದವು.

ತೊಂದರೆ ಎಲ್ಲಿ ಅಂದರೆ, ಪ್ರಯೋಗಾಲಯದಲ್ಲಿ ಹಣ್ಣಿಗೆ ನಾವೇ ಗಾಯ ಮಾಡುತ್ತೇವೆ, ತಕ್ಷಣ ಯೀಸ್ಟ್ ಹಚ್ಚುತ್ತೇವೆ, ಆಮೇಲೆ ಬೂಷ್ಟು ಬಿಡುತ್ತೇವೆ, ಹಾಗಾಗಿ ಕಾವಲುಗಾರ ಯಾವಾಗಲೂ ಮೊದಲು ಬಂದಿರುತ್ತಾನೆ. ಆದರೆ ನಿಜವಾದ ಪ್ಯಾಕ್‌ಹೌಸಿಗೆ, ಅಂದರೆ ಹಣ್ಣು ತೊಳೆದು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಜಾಗಕ್ಕೆ, ಬರುವ ಹಣ್ಣಿಗೆ ಗಾಯವಾಗಿ ಎರಡು ದಿನ ಆಗಿರಬಹುದು, ಬೂಷ್ಟು ಆಗಲೇ ಒಳಗೆ ಬೇರೂರಿರಬಹುದು. ರಾಸಾಯನಿಕ ಔಷಧಿಗಳಲ್ಲಿ ಕೆಲವು ಆಗ ತಾನೇ ಶುರುವಾದ ಸೋಂಕನ್ನೂ ಹಿಡಿಯುತ್ತವೆ. ಯೀಸ್ಟಿನಿಂದ ಅದು ಬಹುಮಟ್ಟಿಗೆ ಆಗದ ಕೆಲಸ. ಜೊತೆಗೆ ಅದು ಜೀವಂತ ಸರಕು. ಸಾಗಿಸುವಾಗ ಬಿಸಿಲಿಗೆ ಬಿದ್ದರೆ ಡಬ್ಬಿಯೊಳಗೇ ಸಾಯುತ್ತದೆ. ಕ್ಲೋರಿನ್ ನೀರಿನಲ್ಲಿ ಕಲಸಿದರೂ ಸಾಯುತ್ತದೆ. ಒಂದು ಪ್ಯಾಕ್‌ಹೌಸಿನಲ್ಲಿ ಹೀಗೆ ಆದದ್ದನ್ನು ನಾನೇ ನೋಡಿದ್ದೇನೆ. ಹಣ್ಣು ತೊಳೆಯಲು ಇಟ್ಟಿದ್ದ ಕ್ಲೋರಿನ್ ನೀರಿಗೇ ಯೀಸ್ಟ್ ಪುಡಿ ಸುರಿದು, ವಾರದ ಮೇಲೆ ಹಣ್ಣು ಕೊಳೆತಾಗ ಪುಡಿ ನಕಲಿ ಅಂತ ಬೈದರು. ಪಾಪ, ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಆದರೂ ಇದನ್ನು ಕೈಬಿಡುವಂತಿಲ್ಲ. ಥಯಾಬೆಂಡಜೋಲ್, ಇಮಜಲಿಲ್ ಥರದ ಔಷಧಿಗಳಿಗೆ ಬಗ್ಗದ ಪೆನಿಸಿಲಿಯಂ ತಳಿಗಳು ಪ್ಯಾಕ್‌ಹೌಸ್‌ಗಳಲ್ಲಿ ಎಂದೋ ಹುಟ್ಟಿಕೊಂಡಿವೆ. ಕೊಯ್ಲಿನಿಂದ ಅಂಗಡಿ ತಲುಪುವ ಮುಂಚೆಯೇ ಜಗತ್ತಿನ ಆಹಾರದಲ್ಲಿ ಸುಮಾರು 14 ಶೇಕಡಾ ಹಾಳಾಗುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತ್ತು. ಬೆಳೆದವರ ಬೆವರು ಅದು, ನೋಡಿದಾಗ ಹೊಟ್ಟೆ ಉರಿಯುತ್ತದೆ.

ಈಗ ಕೆಲಸ ಮಾಡುವವರು ಯೀಸ್ಟನ್ನು ಒಂಟಿಯಾಗಿ ಕಳಿಸುವುದಿಲ್ಲ. ಕಿತ್ತಳೆಯನ್ನು ಮೊದಲು ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಆಮೇಲೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಕೊಡುತ್ತಾರೆ. ಸೋಡಾ ಬೀಜಾಣುವನ್ನು ಪೂರ್ತಿ ಕೊಲ್ಲದಿದ್ದರೂ ಮೊಳೆಯದಂತೆ ತಡೆಹಿಡಿಯುತ್ತದೆ, ಆದರೆ ಅದರ ಪ್ರಭಾವ ಹೆಚ್ಚು ದಿನ ಇರುವುದಿಲ್ಲ. ಅಷ್ಟರಲ್ಲಿ ಯೀಸ್ಟ್ ಗಾಯ ತುಂಬಿಕೊಳ್ಳುತ್ತದೆ. ಕ್ಯಾಲ್ಸಿಯಂ ಸೇರಿಸುವುದು, ಹಣ್ಣಿಗೆ ಹಚ್ಚುವ ಮೇಣದಲ್ಲೇ ಕಾವಲುಗಾರರನ್ನು ಕೂರಿಸುವುದು, ಇಂಥವೂ ನಡೆದಿವೆ. ಇವೆಲ್ಲಕ್ಕಿಂತ ಮುಂಚೆ ಒಂದು ಮಾತು. ಹಣ್ಣು ಕೊಯ್ದ ದಿನವೇ ಯೀಸ್ಟ್ ಕೊಡಿ, ನಾಳೆಗೆ ಇಡಬೇಡಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಪೆನಿಸಿಲಿನ್ ಬೂಷ್ಟಿನಿಂದ ಬಂದದ್ದು ಅಂತ ಪಾಠದಲ್ಲಿದೆ. ಹಾಗಾದರೆ ಬೂಷ್ಟು ಹಿಡಿದ ಹಣ್ಣು ತಿಂದರೆ ಒಳ್ಳೆಯದಾ?

ಉತ್ತರ: ತಿನ್ನಬೇಡ ಪುಟ್ಟಾ. ಆದರೆ ನಿನ್ನ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಪೆನಿಸಿಲಿಯಂ ಎನ್ನುವುದು ಒಂದು ದೊಡ್ಡ ಮನೆತನದ ಹೆಸರು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡದ್ದು ಆ ಮನೆತನದ ಒಬ್ಬರನ್ನು. 1943ರಲ್ಲಿ ಅಮೆರಿಕದ ಪಿಯೋರಿಯಾ ಎಂಬ ಊರಿನಲ್ಲಿ ಬೂಷ್ಟು ಹಿಡಿದ ಒಂದು ಕರಬೂಜದ ಮೇಲೆ ಇನ್ನೂ ಹೆಚ್ಚು ಪೆನಿಸಿಲಿನ್ ಕೊಡುವ ತಳಿ ಸಿಕ್ಕಿತು. ಕಾರ್ಖಾನೆಗಳಲ್ಲಿ ಪೆನಿಸಿಲಿನ್ ತಯಾರಿಸುವ ತಳಿಗಳು ಬೆಳೆದುಬಂದದ್ದು ಅದರಿಂದ. ಸೇಬಿನ ನೀಲಿ ಬೂಷ್ಟು ಅದೇ ಮನೆತನದ ಇನ್ನೊಬ್ಬರು, ಅವರು ಕೊಡುವುದು ಪ್ಯಾಟುಲಿನ್ ಅಂತ ಮೇಲೆ ಓದಿದೆಯಲ್ಲ. ಬರಿಗಣ್ಣಿಗೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ಮೆತ್ತನೆಯ ಹಣ್ಣಿನಲ್ಲಿ ಬೂಷ್ಟಿನ ಎಳೆ ಹೊರಗೆ ಕಾಣುವುದಕ್ಕಿಂತ ಒಳಗೆ ದೂರ ಹೋಗಿರುತ್ತದೆ, ಕಂಡಷ್ಟನ್ನು ಕತ್ತರಿಸಿ ಉಳಿದದ್ದು ತಿನ್ನುವುದೂ ಬೇಡ. ನೋಡಬೇಕು ಅನ್ನಿಸಿದರೆ ಹಣ್ಣನ್ನು ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿಟ್ಟು, ತೆರೆಯದೆ, ದಿನಾ ಅದರ ಚಿತ್ರ ಬರೆದಿಡು. ಒಂದು ವಾರದ ಚಿತ್ರಗಳನ್ನು ನನಗೆ ಕಳಿಸು, ಖಂಡಿತ ನೋಡುತ್ತೇನೆ.

ಪ್ರಶ್ನೆ: ದ್ರಾಕ್ಷಿಯ ಮೇಲೆ ತೆಳ್ಳಗೆ ಬಿಳಿ ಪುಡಿ ಇರುತ್ತದೆ. ಅದೇ ಯೀಸ್ಟಾ? ಅಥವಾ ಔಷಧಿಯಾ?

ಉತ್ತರ: ಹಣ್ಣಿನ ಮೇಲೆಲ್ಲ ಸಮನಾಗಿ, ತೆಳ್ಳಗೆ ಹಬ್ಬಿದ್ದರೆ ಅದು ದ್ರಾಕ್ಷಿಯೇ ತಯಾರಿಸಿಕೊಂಡ ಮೇಣ. ನೀರು ಆರದಂತೆ, ಹನಿ ನಿಲ್ಲದಂತೆ ಕಾಯುವ ಪದರ. ಯೀಸ್ಟ್ ಅದರ ಮೇಲೆ ಇರುತ್ತದೆ, ಆದರೆ ಕಣ್ಣಿಗೆ ಕಾಣುವಷ್ಟಲ್ಲ. ಔಷಧಿ ಒಣಗಿ ಉಳಿದರೆ ಸಾಮಾನ್ಯವಾಗಿ ಹನಿಹನಿಯಾಗಿ, ಕಲೆಯ ಹಾಗೆ ಕಾಣುತ್ತದೆ. ಗೊಂಚಲನ್ನು ತೊಟ್ಟಿನ ಕಡೆಯಿಂದ ಹಿಡಿದು ಎತ್ತಿ, ಆ ಪದರವನ್ನು ಉಜ್ಜಬೇಡಿ. ಉಜ್ಜಿದ ದ್ರಾಕ್ಷಿ ಹೊಳೆಯುತ್ತದೆ, ಆದರೆ ಬೇಗ ಸೊರಗುತ್ತದೆ.